ರಾತ್ರಿ ಒಂಬತ್ತಕ್ಕೆ ಗ್ಯಾಸ್ ಬಿಡಬೇಕಂತೆ!

ಮನೆಯಲ್ಲೇ ಸೋಡಾ, ಮಾಲ್ಟ್, ಕೊಂಬುಚಾ (ಹುಳಿ ಬರುವಂತೆ ಹುದುಗಿಸಿದ ಸಿಹಿ ಟೀ) ಮಾಡುವವರ ಪತ್ರಗಳಿಗೆ ಈ ಸಲದ ಉತ್ತರಗಳು. ಅರ್ಧ ಪತ್ರ ಬಾಟಲಿಯ ಬಗ್ಗೆ, ಇನ್ನರ್ಧ ಬಾಟಲಿ ಕಾಯುವವರ ಬಗ್ಗೆ.

ಪ್ರಶ್ನೆ: ನಮ್ಮ ಯಜಮಾನರಿಗೆ ಎರಡು ತಿಂಗಳಿಂದ ಶುಂಠಿ ಸೋಡಾ ಹುಚ್ಚು. ಲೀಟರ್ ನೀರಿಗೆ ಅರ್ಧ ಲೋಟ ಸಕ್ಕರೆ, ಶುಂಠಿ, ಅವರೇ ಸಾಕಿಕೊಂಡಿರುವ ಶುಂಠಿ ಹೆಪ್ಪು ಹಾಕಿ ಹನ್ನೆರಡು ಬಾಟಲಿ ತುಂಬಿಡುತ್ತಾರೆ. ದಿನಾ ರಾತ್ರಿ ಒಂಬತ್ತಕ್ಕೆ ಒಂದೊಂದೇ ಮುಚ್ಚಳ ಸಡಿಲಿಸಿ ಗ್ಯಾಸ್ ಬಿಡಬೇಕಂತೆ. ಮೊದಲು ಶನಿವಾರ ಹೊರಗೆ ಊಟಕ್ಕೆ ಹೋದರೆ ಮನೆ ಸೇರುವಾಗ ಹನ್ನೊಂದು. ಈಗ ಬಿಲ್ ಬರುವ ಮೊದಲೇ ಎದ್ದು ನಿಲ್ಲುತ್ತಾರೆ. ಮೊನ್ನೆ ಒಂದು ಆರತಕ್ಷತೆಯಲ್ಲಿ ಪಾಯಸ ಬಡಿಸುವಾಗ ಎಲೆ ಮುಂದಿನಿಂದಲೇ ಎದ್ದರು. ಒಂದು ರಾತ್ರಿ ಬಿಡದಿದ್ದರೆ ಏನಾಗುತ್ತದೆ? (ಗೃಹಿಣಿ, ತುಮಕೂರು)

ಉತ್ತರ: ಅವರು ಹಾಕುವ ಸಕ್ಕರೆಗೆ ಬಾಟಲಿ ಒಡೆದರೂ ಒಡೆಯಬಹುದು. ಹಾಗಾಗಿ ಪಾಯಸ ಬಿಟ್ಟು ಎದ್ದದ್ದು ತಪ್ಪಲ್ಲ. ತಪ್ಪಿರುವುದು ಸಕ್ಕರೆಯ ಲೆಕ್ಕದಲ್ಲಿ.

ಹೆಪ್ಪಿನಲ್ಲಿರುವ ಯೀಸ್ಟ್ 4 ಗ್ರಾಂ ಸಕ್ಕರೆ ತಿಂದರೆ ಹೆಚ್ಚುಕಡಿಮೆ 1 ಲೀಟರ್ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅಂಗಡಿಯ ಜೋರು ಸೋಡಾದಲ್ಲಿ ಲೀಟರಿಗೆ ಸುಮಾರು 4 ಲೀಟರ್ ಗ್ಯಾಸ್ ಇರುತ್ತದೆ. ಅರ್ಧ ಲೋಟ ಸಕ್ಕರೆ ಎಂದರೆ 80 ಗ್ರಾಂ ಆಸುಪಾಸು, ಅಂದರೆ 20 ಲೀಟರ್ ಗ್ಯಾಸು ಹುಟ್ಟುವಷ್ಟು ಸರಕು. ಅದನ್ನು ತಡೆದುಕೊಳ್ಳುವ ಬಾಟಲಿ ಯಾವ ಅಡುಗೆಮನೆಯಲ್ಲೂ ಇಲ್ಲ. ದಿನಾ ಮುಚ್ಚಳ ತೆಗೆದರೆ ಆ ದಿನದ ಗ್ಯಾಸ್ ಹೋಗುತ್ತದೆ, ಸಕ್ಕರೆ ಹಾಗೇ ಉಳಿಯುತ್ತದೆ. ನಾಳೆ ಮತ್ತೆ ಅದೇ ಕಥೆ. ಫ್ರಿಜ್ಜಿಗಿಟ್ಟರೂ ಯೀಸ್ಟ್ ನಿಧಾನವಾಗುತ್ತದೆಯೇ ಹೊರತು ಪೂರ್ತಿ ಮಲಗುವುದಿಲ್ಲ.

ದಾರಿ ಸುಲಭ. ಬಾಟಲಿಯೊಳಗೆ ಗ್ಯಾಸಿಗೆ ಬೇಕಾದಷ್ಟೇ ಸಕ್ಕರೆ, ಸಿಹಿ ಏನಿದ್ದರೂ ಕುಡಿಯುವಾಗ ಲೋಟಕ್ಕೆ.

ಒಂದು ಲೀಟರಿಗೆ: ಸಿಪ್ಪೆ ಸಮೇತ ಜಜ್ಜಿದ 40 ಗ್ರಾಂ ಶುಂಠಿಯನ್ನು ನೀರಲ್ಲಿ ಹತ್ತು ನಿಮಿಷ ಕುದಿಸಿ ಸೋಸಿ. 6 ಗ್ರಾಂ ಸಕ್ಕರೆಯನ್ನು ಪಾತ್ರೆಯಲ್ಲೇ ಪೂರ್ತಿ ಕರಗಿಸಿ. ಬಾಟಲಿಗೆ ನೇರ ಹಾಕಿದರೆ ಒಂದಕ್ಕೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಬೀಳುತ್ತದೆ. ಹನ್ನೆರಡರಲ್ಲಿ ಒಂದೇ ಒಂದು ಬಾಟಲಿ ಸಿಡಿಯುವುದು ಹೀಗೆ. ಬೆರಳಿಟ್ಟರೆ ಬಿಸಿ ಎನಿಸದಷ್ಟು ಆರಿದ ಮೇಲೆ ಒಂದು ನಿಂಬೆಹಣ್ಣಿನ ರಸ, 50 ಮಿಲಿ ಹೆಪ್ಪಿನ ನೀರು (ಹೆಪ್ಪು ಮಾಡುವ ಬಗೆ ಮುಂದಿನ ಉತ್ತರದಲ್ಲಿದೆ) ಸೇರಿಸಿ. ತಂಪು ಪಾನೀಯ ಬಂದಿದ್ದ ಪ್ಲಾಸ್ಟಿಕ್ ಬಾಟಲಿಗೆ ಮೂರು ಬೆರಳು ಜಾಗ ಬಿಟ್ಟು ತುಂಬಿ, ಬಿಗಿಯಾಗಿ ಮುಚ್ಚಿ ನೆರಳಲ್ಲಿಡಿ. ಒಂದರಿಂದ ಎರಡು ದಿನದಲ್ಲಿ ಬಾಟಲಿ ಒತ್ತಿದರೆ ಗಟ್ಟಿಯಾಗಿರುತ್ತದೆ. ಆಗ ಫ್ರಿಜ್ಜಿನಲ್ಲಿ ಹನ್ನೆರಡು ಗಂಟೆ. ನಡುವೆ ಮುಚ್ಚಳ ತೆಗೆಯುವ ಕೆಲಸವೇ ಇಲ್ಲ. ತೆಗೆದರೆ ಇರುವ ಒಂದೂವರೆ ಲೀಟರ್ ಗ್ಯಾಸೂ ಹೋಗಿ ಶುಂಠಿ ಕಷಾಯ ಉಳಿಯುತ್ತದೆ.

6 ಗ್ರಾಂ ಅಳೆಯಲು ತಕ್ಕಡಿ ಇಲ್ಲವೇ? ಕಾಲು ಕೆಜಿ ಸಕ್ಕರೆ ಪೊಟ್ಟಣ ಬಿಚ್ಚಿ, ನಿಮ್ಮ ಚಮಚದಲ್ಲಿ ತಲೆ ಸವರಿ ಎಷ್ಟು ಚಮಚ ಬರುತ್ತದೆ ಎಣಿಸಿ, 250ನ್ನು ಅದರಿಂದ ಭಾಗಿಸಿ. ಅರವತ್ತು ಬಂದರೆ ಚಮಚಕ್ಕೆ ನಾಲ್ಕು ಗ್ರಾಂ ಚಿಲ್ಲರೆ, ಒಂದೂವರೆ ಚಮಚ ಸಾಕು.

ಬಡಿಸುವಾಗ ಸಮತೂಕ ಸಕ್ಕರೆ, ನೀರಿನ ತೆಳು ಪಾಕ 20 ಮಿಲಿಯನ್ನು ಲೋಟದ ತಳಕ್ಕೆ ಹಾಕಿ, ಸೋಡಾವನ್ನು ಲೋಟದ ಗೋಡೆಗುಂಟ ಇಳಿಸಿ. ಒಣ ಸಕ್ಕರೆ, ಕಪ್ಪುಪ್ಪು ಉದುರಿಸಬೇಡಿ. ಹರಳಿನ ಒರಟು ಮೈಗೆ ಗುಳ್ಳೆಗಳು ಒಟ್ಟಿಗೇ ಹುಟ್ಟಿ ಸೋಡಾ ಮೇಜಿನ ಮೇಲೆ, ಅತಿಥಿಗಳ ಪಂಚೆಯ ಮೇಲೆ ಇರುತ್ತದೆ.

ಒಂದು ಮಾತು ನಿಮ್ಮ ಯಜಮಾನರಿಗೆ. ಯೀಸ್ಟ್ ಗ್ಯಾಸ್ ಬಿಟ್ಟಾಗಲೆಲ್ಲ ಜೊತೆಗೆ ಆಲ್ಕೋಹಾಲೂ ಹುಟ್ಟುತ್ತದೆ. 6 ಗ್ರಾಂ ಲೆಕ್ಕದಲ್ಲಿ, ಹೆಪ್ಪಿನದೂ ಸೇರಿ, ಅದು ಶೇ 0.5ರ ಆಸುಪಾಸು, ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಅದಕ್ಕಿಂತ ಮೇಲಿದ್ದರೆ ಅದು ಮದ್ಯದ ಲೆಕ್ಕಕ್ಕೆ ಹೋಗುತ್ತದೆ. 80 ಗ್ರಾಂ ಹಾಕಿ ವಾರ ಬಿಟ್ಟರೆ ಅಲ್ಲಿರುವುದು ಸೋಡಾ ಅಲ್ಲ. ಮಕ್ಕಳು, ಗರ್ಭಿಣಿಯರು, ಕುಡಿತ ಬಿಡಿಸುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುವವರಿಗೆ 6 ಗ್ರಾಮಿನದೂ ಬೇಡ.

ಈಗ ತುಂಬಿಟ್ಟಿರುವ ಹನ್ನೆರಡು ಬಾಟಲಿಗಳನ್ನು ಮೊದಲು ಫ್ರಿಜ್ಜಿನಲ್ಲಿ ಒಂದು ಹಗಲು ತಣಿಸಿ, ಬಟ್ಟೆ ಸುತ್ತಿ, ಸಿಂಕಿನಲ್ಲಿ ನಿಧಾನಕ್ಕೆ ತೆರೆದು ಚೆಲ್ಲಿಬಿಡಿ. ಬೇಜಾರಾಗುತ್ತದೆ, ಆದರೂ.

ಪ್ರಶ್ನೆ: ಆರು ದಿನವಾಯಿತು, ಶುಂಠಿ ಹೆಪ್ಪಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಶುಂಠಿ ಚೆನ್ನಾಗಿ ಕೆರೆದು, ಬಿಸಿನೀರಲ್ಲಿ ತೊಳೆದೇ ಹಾಕಿದ್ದೆ. (ಚಿಂತಾಮಣಿ)

ಉತ್ತರ: ಆ ಶುದ್ಧವೇ ಮುಳುವಾಯಿತು. ಹೆಪ್ಪಿಗೆ ಬೇಕಾದ ಯೀಸ್ಟ್ ಮತ್ತು ಹುಳಿ ಬ್ಯಾಕ್ಟೀರಿಯಾ ಇರುವುದು ಸಿಪ್ಪೆಯ ಮೇಲೆ. ನೀವು ಕೆರೆದು ಅರ್ಧ ತೆಗೆದಿರಿ, ಉಳಿದರ್ಧಕ್ಕೆ ಬಿಸಿನೀರು ಎರೆದಿರಿ. ಮಣ್ಣು ಹೋಗುವಷ್ಟು ತಣ್ಣೀರಲ್ಲಿ ತೊಳೆದರೆ ಸಾಕು. ಸಂತೆಯಲ್ಲಿ ಮಣ್ಣು ಮೆತ್ತಿದ ಶುಂಠಿ ಸಿಕ್ಕರೆ ಅದೇ ಉತ್ತಮ, ಬೆಳ್ಳಗೆ ಹೊಳೆಯುವುದು ಬೇಡ.

ಅರ್ಧ ಲೀಟರ್ ನೀರು, ತುರಿದ ಶುಂಠಿ ಎರಡು ಚಮಚ, ಸಕ್ಕರೆ ಒಂದು ಚಮಚ, ಗಾಜಿನ ಜಾಡಿ, ಮೇಲೆ ಬಟ್ಟೆ. ದಿನಾ ಒಂದು ಚಮಚ ಶುಂಠಿ, ಒಂದು ಚಮಚ ಸಕ್ಕರೆ ಕೊಟ್ಟು ಬೆಳಿಗ್ಗೆ, ಸಂಜೆ ಕಲಕಿ. ಮೂರರಿಂದ ಐದನೇ ದಿನದೊಳಗೆ ಕಲಕಿದಾಗ ಸುಯ್ ಎನ್ನಬೇಕು. ನಲ್ಲಿ ನೀರಾದರೆ ಹಿಂದಿನ ರಾತ್ರಿ ಅಗಲ ಪಾತ್ರೆಯಲ್ಲಿ ತೆರೆದಿಡಿ, ಕ್ಲೋರಿನ್ ಹಾರಿಹೋಗಲಿ. ಮೇಲೆ ತೆಳ್ಳನೆ ಬಿಳಿ ಪೊರೆ ಕಂಡರೆ ತೆಗೆದು ಮುಂದುವರಿಸಬಹುದು. ಹಸಿರು, ಕಪ್ಪು ಬೂಷ್ಟು, ಅಂದರೆ ಹತ್ತಿಯ ಹಾಗೆ ಕೂದಲೆದ್ದಿದ್ದರೆ ಪೂರ್ತಿ ಚೆಲ್ಲಿ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ಕುದಿಸಿದರೆ ತಳದಲ್ಲಿ ಬಿಳಿ ಸುಣ್ಣ ಕೂರುತ್ತದೆ. ಸೋಡಾ ಹುಳಿಯೇ ಬರುವುದಿಲ್ಲ. (ಕೋಲಾರ)

ಉತ್ತರ: ಆ ಸುಣ್ಣವೇ ಕಾರಣ. ನೀರಿನ ಬೈಕಾರ್ಬೊನೇಟ್ ಹುಳಿಯನ್ನು ನುಂಗಿ ಕೂರುತ್ತದೆ, ನಿಂಬೆ ಹಿಂಡಿದರೂ ನಾಲಿಗೆಗೆ ತಾಗುವುದಿಲ್ಲ. ಹದಿನೈದು ನಿಮಿಷ ಕುದಿಸಿ, ಆರಿಸಿ, ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಂಡರೆ ಒಂದು ಪಾಲು ಗಡಸು ತಳದಲ್ಲೇ ಉಳಿಯುತ್ತದೆ.

ಆದರೆ ನಿಮ್ಮ ಕಡೆಯ ನೀರಿಗೆ ಇನ್ನೊಂದು ತಕರಾರಿದೆ: ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಆಳದ ಕೊಳವೆಬಾವಿಗಳಲ್ಲಿ ಇದು ಗೊತ್ತಿರುವ ಸಮಸ್ಯೆ. ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಪ್ಪಿತ, ಬೇರೆ ಮೂಲವಿಲ್ಲದಿದ್ದರೆ 1.5ರವರೆಗೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಸೋಡಾಕ್ಕೂ ಊರಿನ ಶುದ್ಧ ನೀರಿನ ಘಟಕದ ಕ್ಯಾನಿನ ನೀರನ್ನೇ ಬಳಸಿ. ಆ ನೀರಿನಲ್ಲಿ ಖನಿಜ ಕಡಿಮೆ ಎಂಬ ಚಿಂತೆ ಬೇಡ, ಯೀಸ್ಟಿಗೆ ಶುಂಠಿಯೇ ಒದಗಿಸುತ್ತದೆ.

ಪ್ರಶ್ನೆ: ಎಳನೀರಿಗೇ ಹೆಪ್ಪು ಹಾಕಿ ಬಾಟಲಿ ತುಂಬಬಹುದೇ? ಇಲ್ಲಿ ಎಳನೀರಿಗೆ ಬರವಿಲ್ಲ. (ತಿಪಟೂರು)

ಉತ್ತರ: ಬೇಡ. ಎಳನೀರಿನಲ್ಲಿ ತಾನಾಗಿಯೇ ಲೀಟರಿಗೆ 25ರಿಂದ 50 ಗ್ರಾಂ ಸಕ್ಕರೆ ಇದೆ. ಮೇಲಿನ ಲೆಕ್ಕ ಹಾಕಿ ನೋಡಿ, ಆರರಿಂದ ಹನ್ನೆರಡು ಲೀಟರ್ ಗ್ಯಾಸ್. ಕೆತ್ತಿಸಿ ಹಾಗೇ ಕುಡಿಯಿರಿ.

ಪ್ರಶ್ನೆ: ಅಜ್ಜನ ಕಾಲದ ಹತ್ತು ಗೋಲಿ ಸೋಡಾ ಬಾಟಲಿ ಅಟ್ಟದಲ್ಲಿ ಸಿಕ್ಕವು. ದಪ್ಪ ಗಾಜು. ಇದರಲ್ಲಿ ತುಂಬಿದರೆ? (ಶಿಡ್ಲಘಟ್ಟ)

ಉತ್ತರ: ನೋಡಲು ಇಡಿ, ತುಂಬಬೇಡಿ. ಹೈರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದಲ್ಲಿ ರೂಪಿಸಿದ ಈ ಬಾಟಲಿಯಲ್ಲಿ ಗೋಲಿಯನ್ನು ಕತ್ತಿನ ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುವುದು ಒಳಗಿನ ಗ್ಯಾಸೇ. ಸೋಡಾ ಅಂಗಡಿಯಲ್ಲಿ ಒತ್ತಡದ ಗ್ಯಾಸ್ ತುಂಬಿ ಬಾಟಲಿ ತಿರುಗಿಸಿದ ಕೂಡಲೇ ಗೋಲಿ ಕೂರುತ್ತದೆ. ಹುದುಗುವಾಗ ಗ್ಯಾಸ್ ಹುಟ್ಟುವುದು ಇಂಚಿಂಚಾಗಿ, ಗೋಲಿ ಮೇಲೇಳುವ ಮೊದಲೇ ಸೋರಿಹೋಗುತ್ತದೆ. ಇನ್ನು ಅಟ್ಟದಲ್ಲಿ ವರ್ಷಗಟ್ಟಲೆ ಒಂದಕ್ಕೊಂದು ತಾಗಿಕೊಂಡಿದ್ದ ಗಾಜಿನಲ್ಲಿ ಕಣ್ಣಿಗೆ ಕಾಣದ ಗೀರು ಇರುತ್ತದೆ. ಪ್ಲಾಸ್ಟಿಕ್ ಬಾಟಲಿ ಉಬ್ಬಿ, ಗಟ್ಟಿಯಾಗಿ ಮುನ್ಸೂಚನೆ ಕೊಡುತ್ತದೆ. ಗಾಜಿಗೆ ಆ ಸೌಜನ್ಯವಿಲ್ಲ.

ಪ್ರಶ್ನೆ: ನಾವು ಐದು ಜನ ಗೆಳೆಯರು. ಮೊದಲೆಲ್ಲ ಶನಿವಾರ ರಾತ್ರಿ ಹೈವೇ ಢಾಬಾದಲ್ಲಿ ಎರಡು ಗಂಟೆಯವರೆಗೆ ಕೂರುತ್ತಿದ್ದೆವು. ಈಗ ಇಬ್ಬರಿಗೆ ಸಕ್ಕರೆ ಕಾಯಿಲೆ, ಒಬ್ಬನಿಗೆ ಮಗು. ಹತ್ತಕ್ಕೇ ಮಲಗಿ, ಭಾನುವಾರ ನಸುಕಿಗೆ ನಂದಿಬೆಟ್ಟಕ್ಕೆ ಹೋಗುವುದು ಅಂತಾಯಿತು. ಶುಂಠಿ ಸೋಡಾ ನಾನೇ ಒಯ್ಯುವುದು. ಕಳೆದ ಸಲ ಮೇಲೆ ಹೋಗಿ ಬಿಚ್ಚಿದ್ದೇ ಅರ್ಧ ಬಾಟಲಿ ಕಾರಿನ ಸೀಟಿಗೆ. ಎತ್ತರಕ್ಕೆ ಹೋದರೆ ಗ್ಯಾಸ್ ಹೆಚ್ಚಾಗುತ್ತದಂತೆ, ನಿಜವೇ? (ಚಿಕ್ಕಬಳ್ಳಾಪುರ)

ಉತ್ತರ: ನಂದಿಬೆಟ್ಟದ ಮೇಲೆ ತಪ್ಪು ಹೊರಿಸಬೇಡಿ. ಬೆಟ್ಟದ ತುದಿ 1,478 ಮೀಟರ್, ನಿಮ್ಮೂರು ಸುಮಾರು 900. ಇಷ್ಟು ಏರಿದರೆ ಹೊರಗಿನ ವಾಯುಭಾರ ನೂರಕ್ಕೆ ಆರೇಳು ಪಾಲು ಇಳಿಯುತ್ತದೆ. ಬಾಟಲಿಯೊಳಗಿನ ಒತ್ತಡದ ಮುಂದೆ ಅದು ಏನೂ ಅಲ್ಲ. ನಿಮ್ಮ ಸೀಟು ಒದ್ದೆ ಮಾಡಿದ್ದು ತಿರುವುಗಳು. ಪ್ರತಿ ತಿರುವಿಗೂ ಬಾಟಲಿ ಡಿಕ್ಕಿಯಲ್ಲಿ ಉರುಳಿ, ಮೇಲಿನ ಖಾಲಿ ಜಾಗದ ಗಾಳಿ ಸಣ್ಣ ಸಣ್ಣ ಗುಳ್ಳೆಯಾಗಿ ನೀರಿನಲ್ಲಿ ಸೇರಿಕೊಂಡಿತ್ತು. ಮುಚ್ಚಳ ತೆಗೆದ ಕೂಡಲೇ ಕರಗಿದ್ದ ಗ್ಯಾಸೆಲ್ಲ ಆ ಗುಳ್ಳೆಗಳಿಗೇ ನುಗ್ಗುತ್ತದೆ. ತಳದ ಯೀಸ್ಟ್ ಗಸಿ ಎದ್ದಿದ್ದರೆ ಇನ್ನೂ ಜೋರು.

ರಾತ್ರಿಯಿಡೀ ತಣಿಸಿದ ಬಾಟಲಿಗಳನ್ನು ಐಸ್ ಹಾಕಿದ ಡಬ್ಬದಲ್ಲಿ ನೆಟ್ಟಗೆ ನಿಲ್ಲಿಸಿ, ನಡುವೆ ಟವೆಲ್ ತುರುಕಿ. ತಣ್ಣಗಿದ್ದಷ್ಟೂ ನೀರು ಹೆಚ್ಚು ಗ್ಯಾಸ್ ಹಿಡಿದಿಟ್ಟುಕೊಳ್ಳುತ್ತದೆ. 25 ಡಿಗ್ರಿಯಲ್ಲಿ ಇರುವ ಒತ್ತಡ 5 ಡಿಗ್ರಿಗೆ ಇಳಿದರೆ ಅರ್ಧದಷ್ಟಾಗುತ್ತದೆ. ಮೇಲೆ ಹೋದ ಮೇಲೆ ಹದಿನೈದು ನಿಮಿಷ ಮುಟ್ಟಬೇಡಿ. ಸೂರ್ಯ ಹುಟ್ಟುವುದನ್ನು ನೋಡಿ, ಅದಕ್ಕೇ ತಾನೇ ಬಂದದ್ದು. ಆಮೇಲೆ ಮುಚ್ಚಳವನ್ನು ಕಾಲು ಸುತ್ತು ತಿರುಗಿಸಿ, ನೊರೆ ಏರಿದರೆ ಬಿಗಿಮಾಡಿ, ಇಳಿದ ಮೇಲೆ ಮತ್ತೆ ಕಾಲು ಸುತ್ತು. ಪಾಕದ ಶೀಶೆ ಬೇರೆ ಇರಲಿ. ಸಕ್ಕರೆ ಕಾಯಿಲೆಯ ಇಬ್ಬರು ನಿಂಬೆ, ಚೂರು ಪುದೀನದಲ್ಲೇ ಕುಡಿಯಬಹುದು. ಬಾಟಲಿಗೇ ಸಿಹಿ ತುಂಬದಿರುವುದರ ಇನ್ನೊಂದು ಲಾಭ ಇದು. ಉಳಿದ ಬಾಟಲಿಗಳನ್ನು ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ತಿಂಡಿಗೆ ಹೋಗಬೇಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಮೊದಲು ಶನಿವಾರ ರಾತ್ರಿ ಬಿಯರ್ ತಯಾರಿಸುವ ಪಬ್ಬಿಗೆ ಹೋಗುತ್ತಿದ್ದ. ಈಗ ಅದು ಬಿಟ್ಟು ಊರಿಗೆ ಬರುತ್ತಾನೆ, ಸಂತೋಷ. ಆದರೆ ನಾನು ರಾಗಿ ಮಾಲ್ಟ್ ಮಾಡುವಾಗ ಥರ್ಮಾಮೀಟರ್ ಹಿಡಿದು ಪಕ್ಕ ನಿಲ್ಲುತ್ತಾನೆ. 'ಅಮ್ಮ, ನೀನು ಕಿಣ್ವ ಕೊಂದುಬಿಟ್ಟೆ' ಅಂತಾನೆ. ನನ್ನ ಮಾಲ್ಟ್ ಗಂಜಿಯ ಹಾಗೆ ಗಟ್ಟಿ ಬರುವುದು ಮಾತ್ರ ನಿಜ. ಮೊಳಕೆ ಚೆನ್ನಾಗಿಯೇ ಬರಿಸಿ, ಕೆಂಪಗೆ ಹುರಿದು, ಬೀಸಿ, ಕುದಿಯುವ ನೀರಿಗೆ ಹಾಕುತ್ತೇನೆ. (ಮಧುಗಿರಿ)

ಉತ್ತರ: ಮಗ ಹೇಳಿದ್ದು ಸರಿ, ಹೇಳಿದ ಧಾಟಿ ಬಗ್ಗೆ ನೀವೇ ವಿಚಾರಿಸಿಕೊಳ್ಳಿ. ಬಿಯರಿಗಾಗಿ ಬಾರ್ಲಿಗೆ ಮಾಡುವ ಕೆಲಸದ ಮೊದಲರ್ಧವನ್ನೇ ನೀವು ರಾಗಿಗೆ ಮಾಡುತ್ತಿರುವುದು. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟವನ್ನು ಕತ್ತರಿಸಿ ಸಿಹಿಯಾಗಿಸುತ್ತದೆ, ಗಂಜಿಯನ್ನು ತೆಳುವಾಗಿಸುತ್ತದೆ. ಕೆಂಪಗೆ ಹುರಿದಾಗ ಅರ್ಧ ಸತ್ತಿತು, ಕುದಿನೀರಿಗೆ ಬಿದ್ದಾಗ ಉಳಿದದ್ದೂ ಹೋಯಿತು. ಇನ್ನು ಅದು ಬರೀ ರಾಗಿ ಗಂಜಿ.

ಒಂದು ಕೆಜಿ ರಾಗಿಯನ್ನು ಹನ್ನೆರಡು ಗಂಟೆ ನೆನೆಸಿ, ನಡುವೆ ಒಮ್ಮೆ ನೀರು ಬದಲಿಸಿ. ಬಸಿದು ಒದ್ದೆ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಬೇಸಿಗೆಯಲ್ಲಿ 36 ಗಂಟೆ, ಚಳಿಗೆ 48. ದಿನಕ್ಕೆರಡು ಸಲ ಬಿಚ್ಚಿ ಕೈಯಾಡಿಸಿ, ನೀರು ಚಿಮುಕಿಸಿ. ಕೈಯಾಡಿಸದಿದ್ದರೆ ಗಂಟಿನ ನಡುವೆ ಬಿಸಿಯೇರಿ ಹಳಸಲು ವಾಸನೆ ಬರುತ್ತದೆ. ಬಿಸಿಲಲ್ಲಿ ಕಾಳು ಕಟಕ್ ಎನ್ನುವವರೆಗೆ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಬೇರು ತೆಗೆದು, ಮೊರದಲ್ಲಿ ಕೇರಿ. ಹುರಿಯುವುದು ಘಮ ಬರುವಷ್ಟು ಮಾತ್ರ, ಬಣ್ಣ ತಿರುಗಬಾರದು. ಒಂದು ಹಿಡಿಯನ್ನು ಹುರಿಯದೆಯೇ ಬೀಸಿ ಬೇರೆ ಡಬ್ಬಿಯಲ್ಲಿಡಿ, ಯಾಕೆಂದು ಮುಂದೆ.

ಕಾಸುವಾಗ ಎರಡು ಚಮಚ ಹಿಟ್ಟನ್ನು 100 ಮಿಲಿ ತಣ್ಣೀರಲ್ಲಿ ಗಂಟಿಲ್ಲದೆ ಕಲಸಿ, ಅಷ್ಟೇ ಕುದಿನೀರು ಸೇರಿಸಿ. ಸಮ ಪಾಲು ಸೇರಿದಾಗ ತಾನಾಗಿ 60 ಡಿಗ್ರಿ ಹತ್ತಿರ ಬರುತ್ತದೆ. ಥರ್ಮಾಮೀಟರನ್ನು ಮಗ ಬೆಂಗಳೂರಿಗೆ ವಾಪಸ್ ಒಯ್ಯಬಹುದು. ಅಲ್ಲಿಂದ ಅತಿ ಸಣ್ಣ ಉರಿಯಲ್ಲಿ ಹತ್ತು ನಿಮಿಷ ತಿರುವುತ್ತಿರಿ. ಮೊದಲು ಗಟ್ಟಿಯಾಗುತ್ತಾ ಬಂದು, ನೋಡನೋಡುತ್ತಿದ್ದಂತೆ ಸೌಟಿನಿಂದ ಎಳೆ ಬಿಟ್ಟುಕೊಂಡು ಸಡಿಲವಾಗುತ್ತದೆ. ಸಡಿಲವಾದ ಮೇಲೆ ಕುದಿಸಿ, ಹಾಲು, ಬೆಲ್ಲ ಹಾಕಿ. ಬೆಲ್ಲ ಎಂದಿಗಿಂತ ಕಡಿಮೆ ಹಿಡಿಯುತ್ತದೆ.

ಈಗಾಗಲೇ ಕೆಂಪಗೆ ಹುರಿದಿಟ್ಟ ಹಿಟ್ಟನ್ನು ಎಸೆಯಬೇಡಿ. ಅದರ ಗಂಜಿ ಕಾಸಿ, ಕುದಿ ಆರಿ ಹಬೆಯಾಡುವಷ್ಟಿರುವಾಗ ಆ ಹುರಿಯದ ಮೊಳಕೆ ಹಿಟ್ಟು ಅರ್ಧ ಚಮಚ ಕಲಸಿ ಮುಚ್ಚಿಡಿ. ಹತ್ತು ನಿಮಿಷಕ್ಕೆ ಗಂಜಿ ನೀರಾಗಿರುತ್ತದೆ. ಹಸಿ ಹಿಟ್ಟು ಸೇರಿರುವುದರಿಂದ ಕುಡಿಯುವ ಮೊದಲು ಮತ್ತೊಂದು ಕುದಿ ಬರಲಿ. ಹುರಿಹಿಟ್ಟಿನಿಂದ ಈ ಕೆಲಸ ಆಗದು. ಅದು ಅರಳಿಸಿದ ರಾಗಿ, ಅದರಲ್ಲಿ ಕಿಣ್ವ ಇರುವುದಿಲ್ಲ.

ಪ್ರಶ್ನೆ: ಕೊಂಬುಚಾ ಜಾಡಿಯನ್ನು ಅತ್ತೆಯವರು 'ಟೀ ಹಳಸಿ ಪಾಚಿ ಕಟ್ಟಿದೆ' ಅಂತ ಚೆಲ್ಲಿ, ಜಾಡಿ ತೊಳೆದು ಉಪ್ಪಿನಕಾಯಿ ತುಂಬಿದರು. ಫ್ರಿಜ್ಜಿನಲ್ಲಿ ಹಳೆಯ ಕೊಂಬುಚಾ ಒಂದು ಲೋಟ ಉಳಿದಿದೆ. ಮತ್ತೆ ಮಾಡಬಹುದೇ? (ಮಾಲೂರು)

ಉತ್ತರ: ಮಾಡಬಹುದು. ಎಲ್ಲರೂ ಆ ದಪ್ಪ ಪೊರೆಯನ್ನೇ ದೇವರಂತೆ ಕಾಪಾಡುತ್ತಾರೆ, ನಿಜವಾದ ಹೆಪ್ಪು ಹುಳಿ ನೀರಿನಲ್ಲಿದೆ. ಒಂದು ಲೀಟರ್ ನೀರಿಗೆ ಎರಡು ಚಮಚ ಬರೀ ಟೀ ಪುಡಿ, 80 ಗ್ರಾಂ ಸಕ್ಕರೆ. ಸೋಸಿ, ಪೂರ್ತಿ ತಣ್ಣಗಾದ ಮೇಲೆ ಉಳಿದ ಲೋಟದಲ್ಲಿ 150 ಮಿಲಿ ಸೇರಿಸಿ, ಒತ್ತು ನೇಯ್ಗೆಯ ಬಟ್ಟೆ ಕಟ್ಟಿ. ಸೀರೆಯ ಫಾಲ್ ಬಟ್ಟೆ ನಡೆಯುತ್ತದೆ, ಸೊಳ್ಳೆಪರದೆ ನಡೆಯದು. ಹಣ್ಣಿನ ನೊಣ ಅದರೊಳಗೆ ನುಸುಳುತ್ತದೆ. ಎರಡು ವಾರದಲ್ಲಿ ಹೊಸ ಪೊರೆ ಕಟ್ಟುತ್ತದೆ. ಏಲಕ್ಕಿ, ಮಸಾಲೆ ಹಾಕಿದ ಟೀ ಪುಡಿ ಬೇಡ. ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಯಂತೂ ಬೇಡವೇ ಬೇಡ, ಹುಳಿ ಲೋಹವನ್ನು ಕರಗಿಸುತ್ತದೆ. ಇಲ್ಲಿ 80 ಗ್ರಾಂ ಸಕ್ಕರೆ ಇದ್ದರೂ ಅಪಾಯವಿಲ್ಲ, ಬಾಯಿ ತೆರೆದಿದೆ. ಅದೇ ನೀರನ್ನು ಮುಚ್ಚಳ ಬಿಗಿದು ಇಟ್ಟರೆ ಮೊದಲ ಪತ್ರದ ಕಥೆ.

ಕಂದು ಎಳೆಗಳು ತೇಲಿದರೆ ಅದು ಯೀಸ್ಟ್, ಹೆದರಬೇಡಿ. ಜಾಡಿಯ ಮೇಲೆ ದೊಡ್ಡಕ್ಷರದಲ್ಲಿ 'ಹಳಸಿಲ್ಲ, ಮುಟ್ಟಬೇಡಿ' ಎಂದು ಬರೆದು ಅಂಟಿಸಿ. ಅತ್ತೆಯವರಿಗೆ ಮೊದಲ ಲೋಟ ಕೊಟ್ಟರೆ ಚೀಟಿಯೂ ಬೇಕಾಗದು.

ಪ್ರಶ್ನೆ: ನಮ್ಮದೇ ತೋಟದ ಬೆಂಗಳೂರು ಬ್ಲೂ ದ್ರಾಕ್ಷಿ. ಮನೆ ಮಟ್ಟಿಗೆ ವೈನ್ ಮಾಡುವ ಅಳತೆ ತಿಳಿಸಿ. (ಚಿಕ್ಕಬಳ್ಳಾಪುರ ತಾಲ್ಲೂಕು)

ಉತ್ತರ: ಅಳತೆ ಕೊಡುವುದಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ.

ಆದರೆ 2013ರಲ್ಲಿ ಭೌಗೋಳಿಕ ಸೂಚಕ (ಒಂದು ಊರಿನ ವಿಶೇಷ ಬೆಳೆಗೆ ಕೊಡುವ ಜಿಐ ಗುರುತು) ಪಡೆದ ಈ ದ್ರಾಕ್ಷಿಯ ಘಮ ಬಾಟಲಿಗಿಂತ ಪಾಕದಲ್ಲೇ ಚೆನ್ನಾಗಿ ನಿಲ್ಲುತ್ತದೆ. ಅರ್ಧ ಕೆಜಿ ಹಣ್ಣಿಗೆ ಕಾಲು ಕೆಜಿ ಸಕ್ಕರೆ, ಅರ್ಧ ಲೋಟ ನೀರು. ಸೌಟಿನ ಹಿಂಬದಿಯಿಂದ ಹಿಸುಕುತ್ತಾ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ, ಆಮೇಲೆ ಬಟ್ಟೆಯಲ್ಲಿ ಸೋಸಿ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿ, ಒಗರು. ಫ್ರಿಜ್ಜಿನಲ್ಲಿ ಎರಡು ವಾರ ಇರುತ್ತದೆ. ಲೋಟಕ್ಕೆ ಎರಡು ಚಮಚ ಹಾಕಿ ಮೇಲೆ ಶುಂಠಿ ಸೋಡಾ ಇಳಿಸಿ.

ಪ್ರಶ್ನೆ: ರಾತ್ರಿ ಕಲಸಿಟ್ಟ ಅಂಬಲಿ ಹಿಟ್ಟು ಬೇಸಿಗೆಯಲ್ಲಿ ಬೆಳಗಾಗುವಷ್ಟರಲ್ಲಿ ಹುಳಿ ಮೀರುತ್ತದೆ. (ಪಾವಗಡ)

ಉತ್ತರ: ಏಪ್ರಿಲ್‌ನಲ್ಲಿ ರಾತ್ರಿ ಊಟಕ್ಕೆ ಮೊದಲೇ ಕಲಸಬೇಡಿ, ಮಲಗುವ ಮುನ್ನ ಹತ್ತೂವರೆಗೆ ಕಲಸಿ, ಮಣ್ಣಿನ ಮಡಕೆಯಲ್ಲಿಟ್ಟು ಸುತ್ತ ಒದ್ದೆ ಬಟ್ಟೆ ಹೊದಿಸಿ. ಏಳೆಂಟು ಗಂಟೆ ಸಾಕು. ಹಿಂದಿನ ದಿನದ ಮಡಕೆ ತೊಳೆಯದೆ ಬಳಸುತ್ತಿದ್ದರೆ ಎರಡು ಗಂಟೆ ಕಳೆಯಿರಿ, ಹೆಪ್ಪು ಗೋಡೆಗೇ ಅಂಟಿರುತ್ತದೆ. ಹುಳಿ ಮೀರಿದ್ದನ್ನು ಚೆಲ್ಲಬೇಡಿ. ಮೇಲಿನ ತಿಳಿ ಬಗ್ಗಿಸಿ ಹೊಸ ನೀರು ಬೆರೆಸಿ ಕಾಸಿ, ಆರಿದ ಮೇಲೆ ಮಜ್ಜಿಗೆ ಕಡಿಮೆ ಮಾಡಿ, ಈರುಳ್ಳಿ ಒಂದು ಹಿಡಿ ಹೆಚ್ಚಿಗೆ ಹಾಕಿ.